ಟ್ರಯಂಫ್ ಎಂದರೆ ಬರೀ ಜಯವಲ್ಲ

ಪ್ರಶ್ನೆ: ಮೊಮ್ಮಗ ಹೊಸ ಬೈಕು ತಂದಿದ್ದಾನೆ. ಟ್ಯಾಂಕಿನ ಮೇಲೆ ‘ಟ್ರಯಂಫ್’ ಎಂದು ಬರೆದಿದೆ. ಅರ್ಥ ಕೇಳಿದರೆ ‘ವಿಕ್ಟರಿ ಅಂತ ತಾತ’ ಅಂದ. ಹಾಗಾದರೆ ವಿಕ್ಟರಿ ಎಂದೇ ಇಡಬಹುದಿತ್ತಲ್ಲ? ಎರಡೂ ಒಂದೆಯೋ, ಬೇರೆಯೋ?
— ತಿಪಟೂರಿನ ಓದುಗರು

ಉತ್ತರ: ನಿಮ್ಮ ಮೊಮ್ಮಗ ಹೇಳಿದ್ದು ತಪ್ಪಲ್ಲ, ಆದರೆ ಅರ್ಧ. ಮೊದಲು ಬೈಕಿನ ಮಾತು ಮುಗಿಸಿಬಿಡುತ್ತೇನೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಆ ಕಂಪನಿ ಕಟ್ಟಿದವರು ಜೀಗ್‌ಫ್ರೀಡ್ ಬೆಟ್‌ಮನ್ ಎಂಬ ಜರ್ಮನ್ ವಲಸಿಗ. ಮೊದಲು ಮಾರಿದ್ದು ಸೈಕಲ್ಲು, 1902ರಲ್ಲಿ ಮೋಟಾರ್ ಸೈಕಲ್ಲು. ಜರ್ಮನ್, ಫ್ರೆಂಚ್, ಇಂಗ್ಲಿಷ್ ಯಾರ ಕಿವಿಗೆ ಬಿದ್ದರೂ ತಿಳಿಯುವಂಥ ಹೆಸರು ಅವರಿಗೆ ಬೇಕಿತ್ತು. ಟ್ರಯಂಫ್ ಅಂಥ ಪದ. ಯುರೋಪಿನ ಎಷ್ಟೋ ಭಾಷೆಗಳಲ್ಲಿ ಅದು ಸ್ವಲ್ಪ ಸ್ವಲ್ಪ ಬದಲಾಗಿ ಉಳಿದುಕೊಂಡಿದೆ. ಕಾರಣ, ಎಲ್ಲರಿಗೂ ಅದು ಬಂದದ್ದು ಒಂದೇ ಮನೆಯಿಂದ, ರೋಮಿನಿಂದ.

ರೋಮಿನಲ್ಲಿ ಯುದ್ಧ ಗೆದ್ದರೆ ಅದು ‘ವಿಕ್ಟೋರಿಯಾ’. ಆ ಗೆಲುವನ್ನು ಊರಿಗೆ ಊರೇ ಬೀದಿಗಿಳಿದು ಕಂಡು ಕೂಗಿ ಕುಣಿದರೆ ಅದು ‘ಟ್ರಯಂಫಸ್’. ಮೊದಲನೆಯದು ರಣರಂಗದಲ್ಲಿ ಆಗುವುದು, ಎರಡನೆಯದು ರಾಜಧಾನಿಯ ರಸ್ತೆಯಲ್ಲಿ. ಎರಡಕ್ಕೂ ನಡುವೆ ತಿಂಗಳುಗಟ್ಟಲೆ ಅಂತರ ಇರಬಹುದಿತ್ತು. ಗೆದ್ದ ಸೇನಾಪತಿ ಊರ ಹೊರಗೆ ಕಾಯಬೇಕು. ಸೆನೆಟ್ ಸಭೆ ಸೇರಿ, ಈ ಗೆಲುವು ಮೆರವಣಿಗೆಗೆ ತಕ್ಕದ್ದೇ ಎಂದು ತೂಗಿ ನೋಡಬೇಕು. ಒಪ್ಪಿದರೆ ನಾಲ್ಕು ಕುದುರೆಯ ರಥ, ಚಿನ್ನದ ಕಸೂತಿಯ ನೇರಳೆ ಉಡುಪು, ತಲೆಗೆ ಲಾರೆಲ್ ಎಲೆಯ ಕಿರೀಟ, ಕೈಯಲ್ಲೂ ಲಾರೆಲ್ ರೆಂಬೆ. ಮುಂದೆ ಸೆರೆ ಸಿಕ್ಕವರು, ಕೊಳ್ಳೆಯ ಬಂಡಿಗಳು, ಬಲಿಯ ಎತ್ತುಗಳು. ಹಿಂದೆ ಸೈನಿಕರು ‘ಇಯೋ ಟ್ರಯಂಫೆ’ ಎಂದು ಕೂಗುತ್ತ, ತಮ್ಮ ದಂಡನಾಯಕನನ್ನೇ ಕಿಚಾಯಿಸುವ ಪೋಲಿ ಹಾಡುಗಳನ್ನು ಹಾಡುತ್ತ ಬರುವರು. ಮೆರವಣಿಗೆ ಮುಗಿಯುವುದು ಗುಡ್ಡದ ಮೇಲಿನ ಜೂಪಿಟರ್ ಗುಡಿಯಲ್ಲಿ. ರಥದಲ್ಲೇ ಹಿಂದೆ ಒಬ್ಬ ನಿಂತು ‘ಹಿಂದೆ ನೋಡು, ನೀನೂ ಮನುಷ್ಯ ಎಂಬುದು ನೆನಪಿರಲಿ’ ಎಂದು ಕಿವಿಯಲ್ಲಿ ಹೇಳುತ್ತಿದ್ದನಂತೆ. ಟರ್ಟಲಿಯನ್ ಎಂಬ ಲೇಖಕ ಹೀಗೆ ಬರೆದಿದ್ದಾನೆ.

ಈ ಪದದ ಬೇರು ಇನ್ನೂ ಹಿಂದಕ್ಕೆ, ಗ್ರೀಕರ ‘ಥ್ರಿಯಾಂಬಸ್’ಗೆ ಹೋಗುತ್ತದೆ. ಅದು ಡಯೊನೈಸಸ್ ದೇವರಿಗೆ ಹಾಡುತ್ತಿದ್ದ ಹಾಡಿನ ಹೆಸರು. ನನಗೆ ಬಹಳ ಇಷ್ಟವಾದ ಸಂಗತಿ ಇದು. ಟ್ರಯಂಫ್‌ನ ಬುಡದಲ್ಲಿ ಇರುವುದು ಕತ್ತಿಯಲ್ಲ, ಕೂಗು ಮತ್ತು ಹಾಡು.

ಹಾಗಾಗಿ ಇಂದಿನ ಇಂಗ್ಲಿಷಿನಲ್ಲಿ ಕೂಡ ವಿಕ್ಟರಿಗೆ ಎದುರಾಳಿಯೊಬ್ಬ ಬೇಕು. ಚುನಾವಣೆ, ಪಂದ್ಯ, ಯುದ್ಧ, ಕೋರ್ಟಿನ ವ್ಯಾಜ್ಯ. ಟ್ರಯಂಫ್‌ಗೆ ಎದುರಾಳಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ದಾಟಬೇಕಾದ ಎತ್ತರ ಒಂದು ಬೇಕು, ದಾಟಿದ ಮೇಲೆ ಉಕ್ಕುವ ಸಂತೋಷ ಬೇಕು. ಒಂದು ಸೇತುವೆಯನ್ನು ಎಂಜಿನಿಯರಿಂಗಿನ ಟ್ರಯಂಫ್ ಎನ್ನುತ್ತಾರೆ, ವಿಕ್ಟರಿ ಎನ್ನುವುದಿಲ್ಲ. ಸೇತುವೆ ಯಾರನ್ನೂ ಸೋಲಿಸಲಿಲ್ಲವಲ್ಲ.

ನಮ್ಮ ನೆಲದ ಉದಾಹರಣೆ ಕೊಡುತ್ತೇನೆ. 1974ರ ರಣಜಿ ಸೆಮಿಫೈನಲ್, ಬೆಂಗಳೂರಿನಲ್ಲಿ ಕರ್ನಾಟಕ ಮತ್ತು ಬಾಂಬೆ. ಬಾಂಬೆ ಅದಕ್ಕೆ ಮುಂಚೆ 15 ವರ್ಷ ಸತತವಾಗಿ ಟ್ರೋಫಿ ಹೊತ್ತೊಯ್ದಿತ್ತು. ನಾನು ಆಗ ಹೈಸ್ಕೂಲಿನಲ್ಲಿದ್ದೆ. ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಅಪ್ಪ ರೇಡಿಯೊಗೆ ಕಿವಿ ಹಚ್ಚಿ ಕೂತಿದ್ದರು. ವಿಶ್ವನಾಥ್ ಶತಕ, ಬ್ರಿಜೇಶ್ ಪಟೇಲ್ ಶತಕ, ಗಾವಸ್ಕರರನ್ನು ಪ್ರಸನ್ನ ಬೌಲ್ಡ್ ಮಾಡಿದ್ದು. ಅಡಿಕೆ ಸುಲಿಯುತ್ತಿದ್ದವರೆಲ್ಲ ಕತ್ತಿ ಕೆಳಗಿಟ್ಟು ಎದ್ದು ನಿಂತರು. ಲೆಕ್ಕದ ಪುಸ್ತಕದಲ್ಲಿ ಅದು ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಬಂದ ಗೆಲುವು, ಒಂದು ವಿನ್, ಅಷ್ಟೆ. ಜಗಲಿಯಲ್ಲಿ ಆದದ್ದು ಟ್ರಯಂಫ್. ಫೈನಲ್ಲಿನಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಟ್ರೋಫಿ ತಂದರು ನಿಜ. ಆದರೆ ನಮ್ಮ ಮನೆಯಲ್ಲಿ ಇವತ್ತಿಗೂ ನೆನೆಸಿಕೊಳ್ಳುವುದು ಸೆಮಿಫೈನಲ್ಲನ್ನೇ.

ಉಚ್ಚಾರಣೆ ಕೇಳಿಲ್ಲ ನೀವು, ಆದರೂ ಹೇಳುತ್ತೇನೆ. ‘ಟ್ರೈ’ ಮೇಲೆ ಒತ್ತು ಹಾಕಿ, ಉಳಿದದ್ದನ್ನು ಹಗುರವಾಗಿ ಬಿಡಿ. ಟ್ರಯಂಫಂಟ್ ಎಂದಾಗ ಒತ್ತು ಎರಡನೆಯ ಅಕ್ಷರಕ್ಕೆ ಜಾರುತ್ತದೆ.

ಪ್ರಶ್ನೆ: ಇಸ್ಪೀಟಿನ ‘ತುರುಪು’ ಇಂಗ್ಲಿಷಿನ ‘ಟ್ರಂಪ್’ನಿಂದ ಬಂತೆಂದು ಗೆಳೆಯರು ವಾದಿಸುತ್ತಾರೆ. ಅದು ಅಚ್ಚ ಕನ್ನಡವೆಂದು ನನ್ನ ವಾದ. ಯಾರು ಸರಿ?
— ಶಿರಸಿಯ ಓದುಗರು

ಉತ್ತರ: ಕನ್ನಡದ್ದಲ್ಲ. ಆದರೆ ನಿಮ್ಮ ಗೆಳೆಯರೂ ಬಾಗಿಲು ಒಂದನ್ನು ತಪ್ಪಿ ತಟ್ಟಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ಹದಿನೈದನೆಯ ಶತಮಾನದ ಇಟಲಿಯಲ್ಲಿ ಮಾಮೂಲಿ ಎಲೆಗಳ ಜೊತೆಗೆ ಬೇರೆ ಚಿತ್ರಗಳ ಎಲೆಗಳನ್ನು ಸೇರಿಸಿ ಆಡುತ್ತಿದ್ದರು. ಆ ಚಿತ್ರದ ಎಲೆ ಬಿದ್ದರೆ ಉಳಿದ ಎಲ್ಲವೂ ಸೋತವು. ಅವುಗಳನ್ನು ‘ಟ್ರಿಯೋನ್‌ಫಿ’ ಎಂದರು, ಎಂದರೆ ಟ್ರಯಂಫ್‌ಗಳು. ಇಂಗ್ಲೆಂಡಿನಲ್ಲಿ ಆ ಪದ ಆಡುವವರ ಬಾಯಲ್ಲಿ ಸವೆದು ‘ಟ್ರಂಪ್’ ಆಯಿತು. ಡಚ್ಚರ ಬಾಯಲ್ಲಿ ‘ಟ್ರೂಫ್’ ಆಯಿತು.

ಈಗ ನಮ್ಮ ಎಲೆಗಳ ಹೆಸರು ನೋಡಿ. ಕಳಾವರ್ ಡಚ್ಚರ ಕ್ಲಾವರ್. ಆಟೀನು ಅವರ ಹಾರ್ಟನ್. ತಮಿಳರು ಡೈಮಂಡಿಗೆ ರೂಯಿತನ್ ಎನ್ನುವುದು ಡಚ್ಚರ ರೌಟನ್. 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡ ಡಚ್ಚರು ಮೆಣಸು ಕೊಳ್ಳಲು ಬಂದು ಎಲೆಯಾಟದ ಮಾತುಗಳನ್ನು ಬಿಟ್ಟುಹೋದರು. ಮಿಕ್ಕ ಎಲೆಗಳು ಡಚ್ಚಿನಿಂದ ಬಂದಿರುವಾಗ ತುರುಪು ಮಾತ್ರ ಇಂಗ್ಲಿಷಿನಿಂದ ಬಂತೆಂದು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ‘ಟ್ರೂಫ್’ ಎಂದು ಜೋರಾಗಿ ಎರಡು ಸಲ ಹೇಳಿ ನೋಡಿ. ತುರುಪಿಗೆ ಟ್ರಂಪ್‌ಗಿಂತ ಅದೇ ಹತ್ತಿರ.

ಯಾವ ಬಾಗಿಲಿನಿಂದ ಬಂದರೂ ಮನೆ ಒಂದೇ. ಶಿರಸಿಯ ಜಗಲಿಯಲ್ಲಿ ಇಪ್ಪತ್ತೆಂಟು ಆಡುವಾಗ ನೀವು ‘ತುರುಪು ಯಾವುದು?’ ಎಂದು ಕೇಳಿದಾಗಲೆಲ್ಲ ರೋಮಿನ ಆ ಮೆರವಣಿಗೆಯ ಹೆಸರನ್ನೇ ಕರೆಯುತ್ತಿದ್ದೀರಿ. ಪತ್ರಿಕೆಗಳು ಚುನಾವಣೆ ಹೊತ್ತಿನಲ್ಲಿ ಬರೆಯುವ ‘ತುರುಪಿನ ಎಲೆ’ಯೂ ಅದೇ.

ಪ್ರಶ್ನೆ: ‘ಇಂಡಿಯಾ ವನ್ ಆಸ್ಟ್ರೇಲಿಯಾ’ ಎಂದು ಬರೆದಿದ್ದಕ್ಕೆ ಸಂದರ್ಶನದಲ್ಲಿ ನಕ್ಕರು. ಆಮೇಲೆ ‘ಇಂಡಿಯಾ ವನ್ ಓವರ್ ಆಸ್ಟ್ರೇಲಿಯಾ’ ಎಂದು ತಿದ್ದಿದೆ. ಅದೂ ತಪ್ಪೆಂದರು. ಮತ್ತೆ ಸರಿ ಯಾವುದು? ದಯವಿಟ್ಟು ಕಾರಣವನ್ನೂ ಹೇಳಿ.
— ಬಳ್ಳಾರಿಯ ಓದುಗರು

ಉತ್ತರ: ನಕ್ಕವರು ಕಾರಣ ಹೇಳಬೇಕಿತ್ತು. ನಾನೂ ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಪಾಠ ಮಾಡಿದವಳು. ಮೊದಮೊದಲು ‘ಐ ವನ್ ಮೈ ಫ್ರೆಂಡ್ ಇನ್ ಕೇರಂ’ ಎಂಬ ವಾಕ್ಯ ಕಂಡರೆ ಕೆಂಪು ಗೆರೆ ಎಳೆದು ಮುಂದೆ ಹೋಗುತ್ತಿದ್ದೆ. ಆ ಮಕ್ಕಳು ತಪ್ಪಿದ್ದು ದಡ್ಡತನದಿಂದಲ್ಲ, ಕನ್ನಡ ಚೆನ್ನಾಗಿ ಬಂದದ್ದರಿಂದ. ಇದು ನನಗೆ ಹೊಳೆಯಲು ಎಷ್ಟೋ ವರ್ಷ ಬೇಕಾಯಿತು. ಕಾರಣ ಹೇಳದೆ ಗೆರೆ ಎಳೆದ ಆ ನೋಟ್ ಪುಸ್ತಕಗಳ ನೆನಪು ಈಗಲೂ ಚುಚ್ಚುತ್ತದೆ.

ಕನ್ನಡದ ‘ಗೆಲ್ಲು’ ಉದಾರಿ. ಪಂದ್ಯವನ್ನೂ ಗೆಲ್ಲುತ್ತೇವೆ, ಪದಕವನ್ನೂ ಗೆಲ್ಲುತ್ತೇವೆ, ಎದುರಾಳಿಯನ್ನೂ ಗೆಲ್ಲುತ್ತೇವೆ. ‘ಭೀಮ ದುರ್ಯೋಧನನನ್ನು ಗೆದ್ದ’ ಎನ್ನುವುದರಲ್ಲಿ ಯಾವ ತೊಡಕೂ ಇಲ್ಲ. ಇಂಗ್ಲಿಷು ಈ ಕೆಲಸವನ್ನು ಇಬ್ಬರಿಗೆ ಹಂಚಿಕೊಟ್ಟಿದೆ. ಪಂದ್ಯ, ಬಹುಮಾನ, ಮನಸ್ಸು, ಮತ ಇವನ್ನು ‘ವಿನ್’ ಮಾಡಬೇಕು. ಎದುರಾಳಿಯನ್ನು ‘ಬೀಟ್’ ಅಥವಾ ‘ಡಿಫೀಟ್’ ಮಾಡಬೇಕು. ‘ಇಂಡಿಯಾ ಬೀಟ್ ಆಸ್ಟ್ರೇಲಿಯಾ’, ‘ಇಂಡಿಯಾ ವನ್ ದಿ ಮ್ಯಾಚ್ ಅಗೇನ್ಸ್ಟ್ ಆಸ್ಟ್ರೇಲಿಯಾ’ ಎರಡೂ ಸರಿ. ‘ವನ್ ಆಸ್ಟ್ರೇಲಿಯಾ’ ಎಂದರೆ ಲಾಟರಿಯಲ್ಲಿ ಆಸ್ಟ್ರೇಲಿಯಾ ದೇಶವೇ ನಮಗೆ ಬಹುಮಾನವಾಗಿ ಬಂತು ಎಂಬ ಅರ್ಥ ಬರುತ್ತದೆ.

‘ವನ್ ಓವರ್’ ಎಂಬ ಕ್ರಿಯೆಗೆ ಬೇರೆಯೇ ಅರ್ಥವಿದೆ. ಒಬ್ಬರ ಮನವೊಲಿಸಿ ನಮ್ಮ ಕಡೆ ಎಳೆದುಕೊಳ್ಳುವುದು. ಅತ್ತೆಯನ್ನು ಸೊಸೆ ಅಡುಗೆಯಿಂದ ‘ವನ್ ಓವರ್’ ಮಾಡಬಹುದು. ಆದರೆ ಅದೇ ವಿನ್ ನಾಮಪದವಾದ ಕೂಡಲೇ ಓವರ್ ಸರಿಯಾಗುತ್ತದೆ. ‘ಇಂಡಿಯಾಸ್ ವಿನ್ ಓವರ್ ಆಸ್ಟ್ರೇಲಿಯಾ’, ‘ವಿಕ್ಟರಿ ಓವರ್’, ‘ಟ್ರಯಂಫ್ ಓವರ್’. ನಿಮ್ಮನ್ನು ದಾರಿ ತಪ್ಪಿಸಿದ್ದು ಇದೇ. ಪತ್ರಿಕೆಯ ತಲೆಬರಹದಲ್ಲಿ ನಾಮಪದದ ಜೊತೆ ನೋಡಿದ ಓವರನ್ನು ಕ್ರಿಯಾಪದಕ್ಕೆ ಅಂಟಿಸಿದಿರಿ.

ಇನ್ನೊಂದು. ವಿಕ್ಟರಿಗೆ ಕ್ರಿಯಾರೂಪ ಇಲ್ಲ. ‘ಗಾಟ್ ವಿಕ್ಟರಿ’ ಎಂದು ನಮ್ಮ ಕಡೆ ಬರೆಯುತ್ತಾರೆ, ‘ಜಯ ಸಿಕ್ಕಿತು’ ಎಂಬುದರ ನೆರಳು ಅದು. ‘ವನ್ ಎ ವಿಕ್ಟರಿ’ ಎನ್ನಿ, ಇಲ್ಲವೇ ಸುಮ್ಮನೆ ‘ವನ್’ ಎನ್ನಿ, ಅದೇ ಚೆಂದ. ಟ್ರಯಂಫ್ ಮಾತ್ರ ನಾಮಪದವೂ ಹೌದು, ಕ್ರಿಯಾಪದವೂ ಹೌದು. ‘ಶಿ ಟ್ರಯಂಫ್ಡ್’.

ಹಳೆಯ ಇಂಗ್ಲಿಷಿನಲ್ಲಿ ವಿನ್ ಎಂದರೆ ಹೆಣಗು, ದುಡಿ, ಹೊಡೆದಾಡು ಎಂದಿತ್ತು. ದುಡಿದದ್ದಕ್ಕೆ ಸಿಕ್ಕ ಫಲ ಎಂಬ ಅರ್ಥ ಆಮೇಲೆ ಬಂತು. ಮನೆಗೆ ದುಡಿದು ಹಾಕುವವರನ್ನು ಇಂಗ್ಲಿಷರು ‘ಬ್ರೆಡ್‌ವಿನ್ನರ್’ ಎನ್ನುವುದರಲ್ಲಿ ಆ ಹಳೆಯ ಬೆವರು ಉಳಿದಿದೆ. ಮುಂದಿನ ಸಂದರ್ಶನದಲ್ಲಿ ಯಾರಾದರೂ ನಕ್ಕರೆ ಇದನ್ನು ಹೇಳಿ ನೋಡಿ.

ಪ್ರಶ್ನೆ: ನಮ್ಮೂರ ಕಬಡ್ಡಿ ತಂಡ ಜಿಲ್ಲಾ ಮಟ್ಟದಲ್ಲಿ ಗೆದ್ದಿದೆ. ಟ್ರ್ಯಾಕ್ಟರ್ ಮೆರವಣಿಗೆಯ ಬ್ಯಾನರಿಗೆ ‘ಟ್ರಯಂಫಲ್’ ಸರಿಯೋ ‘ಟ್ರಯಂಫಂಟ್’ ಸರಿಯೋ?
— ಮಂಡ್ಯ ಜಿಲ್ಲೆಯ ಓದುಗರು

ಉತ್ತರ: ಮೆರವಣಿಗೆಗೆ, ಕಮಾನಿಗೆ, ಹಾಡಿಗೆ ಟ್ರಯಂಫಲ್. ಗೆದ್ದು ಬೀಗುತ್ತಿರುವ ಹುಡುಗರಿಗೆ ಟ್ರಯಂಫಂಟ್. ಆಚರಣೆಗೆ ಒಂದು, ಮನುಷ್ಯರಿಗೆ ಮತ್ತು ಅವರ ಮುಖಭಾವಕ್ಕೆ ಇನ್ನೊಂದು.

ಆದರೆ ಬ್ಯಾನರು ನೋಡುವವರು ನಿಮ್ಮೂರಿನವರಲ್ಲವೇ? ‘ವಿಜಯೋತ್ಸವ’ ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿ. ರೋಮಿನ ಟ್ರಯಂಫಸ್‌ಗೆ ಇದಕ್ಕಿಂತ ನಿಖರವಾದ ಮಾತು ಇಂಗ್ಲಿಷಿನಲ್ಲೂ ಇಲ್ಲ. ಜಯವೂ ಇದೆ, ಉತ್ಸವವೂ ಇದೆ. ಗೆಲುವನ್ನು ಉತ್ಸವವಾಗಿಸುವುದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಕೃಷ್ಣದೇವರಾಯನ ಕಾಲದಲ್ಲಿ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನವರಾತ್ರಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ನಾವು ಮಹಾನವಮಿ ದಿಬ್ಬ ಎನ್ನುವುದನ್ನು ಅವನು ಕರೆದದ್ದು ‘ವಿಜಯದ ಮನೆ’ ಎಂದು. ಒಡಿಶಾದ ದಂಡಯಾತ್ರೆಯಿಂದ ಮರಳಿ ಬಂದಾಗ ದೊರೆ ಕಟ್ಟಿಸಿದ್ದೆಂದು ಅವನಿಗೆ ತಿಳಿಸಿದ್ದರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದ್ದು ನಿಮ್ಮ ಜಿಲ್ಲೆಯಲ್ಲೇ. ಹುಡುಗರಿಗೆ ನನ್ನ ಅಭಿನಂದನೆ ತಿಳಿಸಿ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ‘ಪಿರಿಕ್ ವಿಕ್ಟರಿ’ ಬಂದಿತ್ತು. ಉತ್ತರ ಬರೆಯಲಾಗಲಿಲ್ಲ. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು?
— ಹುಬ್ಬಳ್ಳಿಯ ಓದುಗರು

ಉತ್ತರ: ಗ್ರೀಸಿನ ವಾಯವ್ಯಕ್ಕಿದ್ದ ಎಪಿರಸ್ ರಾಜ್ಯದ ದೊರೆ ಪಿರಸ್. ಆನೆಗಳನ್ನು ಹಡಗಿನಲ್ಲಿ ಸಾಗಿಸಿ ಇಟಲಿಗೆ ಬಂದು ರೋಮನ್ನರ ಮೇಲೆ ಬಿದ್ದ. ಕ್ರಿಸ್ತಪೂರ್ವ 280ರಲ್ಲಿ ಹೆರಾಕ್ಲಿಯಾದಲ್ಲಿ ಗೆದ್ದ, 279ರಲ್ಲಿ ಆಸ್ಕ್ಯುಲಮ್‌ನಲ್ಲಿ ಗೆದ್ದ. ಎರಡರಲ್ಲೂ ಅವನ ಆಪ್ತರು, ಸೇನಾನಾಯಕರು ಉದುರಿದರು. ರೋಮನ್ನರಿಗೆ ಹೊಸ ಸೈನಿಕರು ಮನೆಯ ಬಾವಿಯ ನೀರಿನಂತೆ ಸಿಗುತ್ತಿದ್ದರು, ಇವನಿಗೆ ಸಮುದ್ರ ದಾಟಿ ಬರಬೇಕು. ಅಭಿನಂದಿಸಲು ಬಂದವನಿಗೆ, ಇಂಥದ್ದು ಇನ್ನೊಂದು ಗೆದ್ದರೆ ನಾವು ಪೂರ್ತಿ ಮುಳುಗಿದಂತೆ ಎಂದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ತೆತ್ತ ಬೆಲೆ ಗೆದ್ದದ್ದಕ್ಕಿಂತ ದೊಡ್ಡದಾದರೆ ಅದು ಪಿರಿಕ್ ವಿಕ್ಟರಿ. ಗಮನಿಸಿ, ಇಲ್ಲಿ ಟ್ರಯಂಫ್ ಎಂದು ಯಾರೂ ಹೇಳುವುದಿಲ್ಲ. ಸಂತೋಷ ಇಲ್ಲದ ಕಡೆ ಆ ಪದ ಕಾಲಿಡುವುದಿಲ್ಲ.

ಕನ್ನಡದಲ್ಲಿ ಹೊಸ ಪದ ಕಟ್ಟುವ ಶ್ರಮ ಬೇಡ. ಕೋರ್ಟು ಕಚೇರಿಗೆ ಅಲೆದ ನಮ್ಮ ಹಿರಿಯರು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಾರೆ: ಗೆದ್ದವ ಸೋತ, ಸೋತವ ಸತ್ತ. ನನ್ನ ಅಜ್ಜ ಅಡಿಕೆ ತೋಟದ ಒಂದು ಅಗಳಿನ ಗಡಿಗಾಗಿ ದಾಯಾದಿಯ ಮೇಲೆ ದಾವೆ ಹೂಡಿ ಗೆದ್ದರು. ತೀರ್ಪು ಬರುವ ಹೊತ್ತಿಗೆ ಖರ್ಚಿಗೆಂದು ಅದೇ ತೋಟದ ಇನ್ನೊಂದು ಪಾಲು ಮಾರಿಯಾಗಿತ್ತು. ತೀರ್ಪಿನ ಕಾಗದ ಹಿಡಿದು ಬಂದ ದಿನ ಅಜ್ಜಿ ಕಾಫಿ ಕೊಟ್ಟಳು, ಸಿಹಿ ಮಾಡಲಿಲ್ಲ.

ಸಂಸ್ಕೃತದ ಮಾತು ಬೇಕಿದ್ದರೆ ಮಹಾಭಾರತದ ಶಾಂತಿಪರ್ವದ ಮೊದಲಿಗೇ ಇದೆ. ಕುರುಕ್ಷೇತ್ರ ಗೆದ್ದು ಕೂತ ಧರ್ಮರಾಯ ನಾರದರಿಗೆ ಹೇಳುತ್ತಾನೆ: ‘ಜಯೋಽಯಮಜಯಾಕಾರಃ’. ಈ ಜಯಕ್ಕೆ ಸೋಲಿನದೇ ಆಕಾರ ಇದೆ ಎಂದು. ಮಕ್ಕಳನ್ನು ಕಳೆದುಕೊಂಡು, ಕರ್ಣ ತನ್ನ ಅಣ್ಣನೆಂದು ತಿಳಿದುಕೊಂಡು ಆಡಿದ ಮಾತು. ಮುಂದಿನ ಸಲ ಪರೀಕ್ಷೆಯಲ್ಲಿ ಬಂದರೆ ಇದು ನಿಮಗೆ ಮರೆಯಲಾರದು.

ಪ್ರಶ್ನೆ: ನನ್ನ ತಂಗಿಗೆ ದೊಡ್ಡ ಕಾಯಿಲೆಯ ಚಿಕಿತ್ಸೆ ಮುಗಿದು, ಈಗ ವರದಿಗಳೆಲ್ಲ ಚೆನ್ನಾಗಿವೆ. ಅಮೆರಿಕದಲ್ಲಿರುವ ಅವಳ ಮಗಳು ಒಂದು ಕಾರ್ಡ್ ಕಳಿಸಿದ್ದಾಳೆ. ‘ಯುವರ್ ಟ್ರಯಂಫ್’ ಎಂದು ಬರೆದಿದೆ. ತಂಗಿಗೆ ಇಂಗ್ಲಿಷ್ ಬಾರದು. ‘ನಿನ್ನ ವಿಜಯ’ ಎಂದು ಓದಿ ಹೇಳಿದೆ. ‘ನಾನೇನು ಯುದ್ಧಕ್ಕೆ ಹೋಗಿದ್ನಾ’ ಅಂದಳು. ಅವಳಿಗೆ ಇದನ್ನು ಹೇಗೆ ಹೇಳಲಿ?
— ಕೊಪ್ಪದ ಓದುಗರು

ಉತ್ತರ: ನಿಮ್ಮ ತಂಗಿ ಸರಿಯಾಗಿಯೇ ಕೇಳಿದ್ದಾರೆ. ಈ ತಿಂಗಳ ಪತ್ರಗಳಲ್ಲಿ ನಿಮ್ಮದನ್ನು ನಾನು ಎಷ್ಟು ಸಲ ಓದಿದೆನೋ.

ವಿಜಯ ಎಂದರೆ ನಮ್ಮ ಕಿವಿಗೆ ಶಂಖ, ರಥ, ಪತಾಕೆ. ಕಾಯಿಲೆಯಿಂದ ಎದ್ದು ಬಂದವರಿಗೆ ಆ ಸದ್ದು ಬೇಡ. ರೋಮಿನ ಎಮಿಲಿಯಸ್ ಪೌಲಸ್ ಎಂಬ ಸೇನಾಪತಿಯ ಕತೆ ನೆನಪಾಗುತ್ತದೆ. ಮೆಸಿಡೋನಿಯಾದ ದೊರೆಯನ್ನು ಸೋಲಿಸಿದ್ದಕ್ಕೆ ಕ್ರಿಸ್ತಪೂರ್ವ 167ರಲ್ಲಿ ಅವನಿಗೆ ಮೂರು ದಿನದ ಟ್ರಯಂಫಸ್ ಕೊಟ್ಟರು. ಮೆರವಣಿಗೆಗೆ ಐದು ದಿನ ಮುಂಚೆ ಒಬ್ಬ ಮಗ ತೀರಿಕೊಂಡ. ಮೆರವಣಿಗೆ ಮುಗಿದ ಮೂರು ದಿನಕ್ಕೆ ಇನ್ನೊಬ್ಬ. ಊರೆಲ್ಲ ಹೂವು ಎರಚಿದ ಆ ರಥದಲ್ಲಿ ಅವನು ಹೇಗೆ ನಿಂತಿದ್ದನೋ. ಹೊರಗಿನ ಗದ್ದಲ ಎಷ್ಟಿದ್ದರೂ ಮನುಷ್ಯನೊಳಗೆ ಹೊಕ್ಕು ಅದು ಸಂತೋಷವಾಗಬೇಕೆಂದಿಲ್ಲ.

ನಿಮ್ಮ ತಂಗಿಯ ಮಗಳು ಕಾರ್ಡಿನಲ್ಲಿ ಬರೆದದ್ದು ಆ ಮೆರವಣಿಗೆಯ ಅರ್ಥದಲ್ಲಿ ಅಲ್ಲ. ಬಹಳ ಕಷ್ಟದ ಒಂದನ್ನು ಅಮ್ಮ ದಾಟಿದಳು, ದಾಟಿದ್ದಕ್ಕೆ ನನಗೆ ಹಿಡಿಸಲಾರದ ಖುಷಿ ಎಂದು ಅವಳು ಹೇಳುತ್ತಿದ್ದಾಳೆ. ಎರಡನ್ನೂ ಒಟ್ಟಿಗೆ ಹೇಳುವ ಪದ ನಮ್ಮಲ್ಲಿ ಇದೆ. ದಿನಾ ಬಳಸುತ್ತೇವೆ, ಬಳಸುತ್ತಿದ್ದೇವೆಂದು ತಿಳಿಯದಷ್ಟು ಸಹಜವಾಗಿ.

ನನಗೆ ಏಳೋ ಎಂಟೋ ವರ್ಷವಿದ್ದಾಗ ಟೈಫಾಯ್ಡ್ ಆಗಿತ್ತು. ಮೂರು ವಾರ ಗಂಜಿ ಮತ್ತು ಔಷಧಿ. ಮಳೆಗಾಲ, ಕತ್ತಲೆ ಕೋಣೆ. ಒಂದು ಬೆಳಿಗ್ಗೆ ನಾನಾಗಿಯೇ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಒಲೆಯ ಮೇಲಿನ ದೋಸೆ ಬೇಕು ಎಂದೆನಂತೆ. ಅಮ್ಮ ಸಟ್ಟುಗ ಹಿಡಿದುಕೊಂಡೇ ಹೊರಗೆ ಓಡಿ, ಕೊಟ್ಟಿಗೆಯಲ್ಲಿದ್ದ ಅಜ್ಜಿಗೆ ಕೂಗಿ ಹೇಳಿದಳು: ‘ಅತ್ತೆ, ಮಗು ಗೆಲುವಾಯ್ತು!’ ಆ ಕೂಗು ನನಗೆ ಇವತ್ತಿಗೂ ಕೇಳುತ್ತದೆ.

ಗೆಲುವು ಎಂದರೆ ಜಯ. ಗೆಲುವಾಗಿರುವುದು ಎಂದರೆ ಮುಖದಲ್ಲಿ ಕಳೆ ಬಂದು, ಹಸಿವು ಹುಟ್ಟಿ, ನಾಲ್ಕು ಮಾತಾಡುವ ಮನಸ್ಸಾಗುವುದು. ಇಂಗ್ಲಿಷಿನಲ್ಲಿ ವಿಕ್ಟರಿ ಒಂದು ಕಡೆ, ಚಿಯರ್‌ಫುಲ್ ಇನ್ನೊಂದು ಕಡೆ, ಎರಡಕ್ಕೂ ನಡುವೆ ಟ್ರಯಂಫ್ ಎಂಬ ಸೇತುವೆ ಹಾಕಬೇಕಾಯಿತು. ನಮ್ಮ ಗೆಲುವಿನಲ್ಲಿ ಎರಡೂ ಒಂದೇ ಮನೆಯಲ್ಲಿ ಇವೆ. ಮುದುಡಿ ಕೂತವರನ್ನು ನೋಡಿ ‘ಯಾಕೆ, ಗೆಲುವೇ ಇಲ್ಲವಲ್ಲ’ ಎಂದು ಕೇಳುತ್ತೇವೆ. ಅವರು ಯಾವ ಪಂದ್ಯದಲ್ಲೂ ಸೋತಿರುವುದಿಲ್ಲ.

ಕಾರ್ಡಿನ ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ‘ಅಮ್ಮ ಗೆಲುವಾದಳು’ ಎಂದು ಬರೆದು ತಂಗಿಯ ಕೈಗೆ ಕೊಡಿ. ಮಗಳಿಗೂ ಫೋನಿನಲ್ಲಿ ಆ ಎರಡು ಪದ ಹೇಳಿ. ಅಷ್ಟು ದೂರದಲ್ಲಿದ್ದರೂ ಕೊಪ್ಪದ ಹುಡುಗಿ ಅವಳು, ತಟ್ಟನೆ ಗೊತ್ತಾಗುತ್ತದೆ.